ಹದಿನಾರು ಬಕೆಟ್ಟಿನ ಗದ್ದೆ

ಶಿಕಾರಿಪುರ,
ಶನಿವಾರ, ೨೬-೧೦-೨೦೨೪

ಸಂಗೀತನ ಅಮ್ಮನಿಗೆ,

ಬಂಗಾರಮ್ಮ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಹೆಸರು ಹಿಡಿದು ಕೂಗಿದವನಲ್ಲ. ಈಗ ಕಾಗದದಲ್ಲಿ ಬರೆದರೆ ಸೊಸೈಟಿಯಿಂದ ನೋಟೀಸು ಬಂದ ಹಾಗೆ ಕಾಣುತ್ತದೆ. ನಿನ್ನ ಸೊಂಟ ಹೇಗಿದೆ? ಚಂದ್ರಗುತ್ತಿಯಲ್ಲಿ ಚಳಿ ಬೇಗ ಇಳಿಯುತ್ತದೆ, ಕಂಬಳಿ ಹೊದ್ದು ಮಲಗು. ಬಚ್ಚಲ ಹಂಡೆಗೆ ನೀರು ಎತ್ತಿ ಹಾಕುವುದು ನಿನ್ನ ಕೆಲಸವಲ್ಲ. ಅಳಿಯ ಯತೀಶ ಇದ್ದಾನೆ, ಮಗು ಅವನದು, ನೀರೂ ಅವನೇ ಎತ್ತಲಿ. ಸಂಗೀತನ ನಡು ಕಟ್ಟುವುದನ್ನು ತಪ್ಪಿಸಬೇಡ. ಕೂಸಿಗೆ ನಲವತ್ತನಾಲ್ಕು ದಿನವಾಯಿತಲ್ಲ, ಬೆಳಕಿನ ಕಡೆ ಕಣ್ಣು ತಿರುಗಿಸುತ್ತದೆಯೇ? ಎಲ್ಲಕ್ಕಿಂತ ಮೊದಲು, ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ ಇಲ್ಲವೋ ಹೇಳಿ ಬರೆಸು. ಸಿಟ್ಟು ಬಂದರೆ ತಟ್ಟೆ ಸರಿಸಿ ಎದ್ದು ಹೋಗುವ ನಿನ್ನ ಚಟ ನನಗೆ ಗೊತ್ತು. ಬೀಗರ ಮನೆಯಲ್ಲಿ ಅದನ್ನು ತೋರಿಸಬೇಡ. ಹಸಿದಿರಲು ನಿನಗೀಗ ವಯಸ್ಸೂ ಇಲ್ಲ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ನೀನು ಫೋನನ್ನು ಕಿವಿಗೆ ಹಿಡಿಯುವವಳಲ್ಲ. ಅಂಗೈ ಮೇಲೆ ರೊಟ್ಟಿ ಇಟ್ಟುಕೊಂಡ ಹಾಗೆ ಇಟ್ಟುಕೊಂಡು, ಜೋರು ಮಾಡಿ, ನನ್ನ ಮಾತನ್ನು ಇಡೀ ಓಣಿಗೆ ಕೇಳಿಸುತ್ತೀಯ. ಇಲ್ಲಿ ನಡೆದದ್ದು ಬೀಗರ ಕಿವಿಗೆ ಬೀಳುವಂಥದ್ದಲ್ಲ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಒತ್ತಕ್ಷರ ಎಲ್ಲೆಲ್ಲಿ ಬಿದ್ದುಹೋಗಿದೆಯೋ ಸಂಗೀತ ಸರಿ ಮಾಡಿಕೊಂಡು ನಿನಗೆ ಓದಿ ಹೇಳಲಿ. ಬಾಗಿಲು ಹಾಕಿಕೊಂಡು ಓದಲಿ.

ವಿಷಯಕ್ಕೆ ಬರುತ್ತೇನೆ. ನಾಳೆ ಭಾನುವಾರ ಸಂಜೆಯೊಳಗೆ ನಮ್ಮ ಬಾಲ್ಕನಿ ಖಾಲಿ ಆಗಬೇಕೆಂದು ಕೆಳಗಿನ ಮನೆಯ ಓನರು ಮಲ್ಲಿಕಾರ್ಜುನಪ್ಪ ಹೇಳಿದ್ದಾನೆ. ಒಂದು ಬಕೆಟ್ಟೂ ಇರಕೂಡದು. ಇದ್ದರೆ ಮನೆಯೇ ಖಾಲಿ ಮಾಡಿಕೊಂಡು ಹೊರಡಿ ಎಂದು ಮಗ ಅರುಣನ ಮುಖಕ್ಕೆ ಹೇಳಿದ್ದಾನೆ. ನಿನ್ನ ಸೋರೆಕಾಯಿ ಇನ್ನೂ ಬಳ್ಳಿಯಲ್ಲೇ ಇದೆ. ಅದು ಬಲಿತು ಒಣಗಲು ಏನಿಲ್ಲವೆಂದರೂ ಇನ್ನು ಇಪ್ಪತ್ತು ದಿನ ಬೇಕು. ಬಳ್ಳಿ ಬಕೆಟ್ಟಿನಿಂದ ಎದ್ದು, ಕಬ್ಬಿಣದ ಸರಳಿಗೆಲ್ಲ ಕೈ ಹಾಕಿ, ಮೇಲಿನ ಪೈಪನ್ನು ಮೂರು ಸುತ್ತು ಸುತ್ತಿಕೊಂಡಿದೆ. ಬಕೆಟ್ಟು ಎತ್ತಿದರೆ ಬಳ್ಳಿ ತುಂಡಾಗುತ್ತದೆ. ಅದೊಂದೇ ಕಾಯಿ. ಉಳಿದ ಹೂವೆಲ್ಲ ಉದುರಿದ್ದು ನಿನಗೆ ಗೊತ್ತು. ನೀನು ಹೊರಟ ದಿನ ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ: “ನಿಮ್ಮ ಬದನೆ ಸಾಯ್ಲಿ ಬೇಕಾರೆ, ಆ ಕಾಯಿ ಒಂದು ಉಳಿಸಿ. ಮಗಳ ಮಡಿಲಿಗೆ ಹಾಕೋ ಬೀಜ ಅದು.”

ಉಳಿಸಿದ್ದೇನೆ. ಇವತ್ತಿನವರೆಗೆ ಉಳಿಸಿದ್ದೇನೆ. ನಿನ್ನ ಅಜ್ಜಿ ನಿನ್ನಮ್ಮನಿಗೆ, ನಿನ್ನಮ್ಮ ನಿನಗೆ, ಚೊಚ್ಚಲ ಕೂಸಿನ ಜೊತೆ ತವರಿನ ಹೊಸಿಲು ದಾಟುವಾಗ ಸೆರಗಿಗೆ ಗಂಟು ಹಾಕಿ ಕೊಟ್ಟ ಬೀಜ ಎಂದು ನೀನು ಹೇಳಿದ್ದನ್ನು ನಾನು ನೂರು ಸಲ ಕೇಳಿದ್ದೇನೆ. ಊರಲ್ಲಿ, ಹೊಸಬಾಳೆಯಲ್ಲಿ ಇರುವಷ್ಟು ದಿನ ಅದು ಒಲೆಯ ಮೇಲೆ ಬುರುಡೆಯಲ್ಲಿ ಬೂದಿ ಹೊದ್ದು, ಹೊಗೆ ಕುಡಿದು ಸುಖವಾಗಿತ್ತು. ನನ್ನ ಮಂಡಿ ಹಾಳಾಗಿ, ಕೆಸರಿಗೆ ಇಳಿಯಬೇಡ ಎಂದು ಡಾಕ್ಟರು ಹೇಳಿ, ಗದ್ದೆಯನ್ನು ತಮ್ಮ ಭೀಮಣ್ಣನಿಗೆ ಬಿಟ್ಟು ಅರುಣನ ಮನೆಗೆ ಬಂದೆವಲ್ಲ, ಇಲ್ಲಿನ ಗ್ಯಾಸ್ ಒಲೆಗೆ ಹೊಗೆ ಎಲ್ಲಿಂದ ಬರಬೇಕು? ಬೀಜಕ್ಕೆ ಹುಳ ಬಿತ್ತು. ನಾಲ್ಕು ಉಳಿಯಿತು. ನಾಲ್ಕರಲ್ಲಿ ಎರಡು ಹುಟ್ಟಿತು. ಎರಡರಲ್ಲಿ ಒಂದನ್ನು ಮಂಗ ಕಿತ್ತಿತು. ಈ ಲೆಕ್ಕ ನಿನಗೆ ಗೊತ್ತಿರುವುದೇ, ಆದರೂ ಬರೆದೆ. ಸಂಗೀತನೂ ತಿಳಿಯಲಿ.

ಈಗ ನಡೆದದ್ದು ಹೇಳುತ್ತೇನೆ. ನಡುವೆ ಬೈಯಬೇಡ, ಪೂರ್ತಿ ಕೇಳಿ ಆಮೇಲೆ ಬೈ. ಮಂಗಳವಾರ ಹತ್ತು ಗಂಟೆಗೆ ಅರುಣ ಬಸ್ ಡಿಪೋಗೆ ಹೋಗಿದ್ದ, ಸೊಸೆ ಧನಲಕ್ಷ್ಮಿ ಬಟ್ಟೆ ಹಿಂಡುತ್ತಿದ್ದಳು, ನಾನು ಬದನೆಗೆ ಬೂದಿ ಎರಚುತ್ತಿದ್ದೆ. ಕೆಳಗೆ ಧಡ್ ಎಂದಿತು. ಗ್ಯಾಸ್ ಸಿಲಿಂಡರು ಬಿತ್ತೇನೋ ಎಂದುಕೊಂಡೆ. ಆಮೇಲೆ ಮಲ್ಲಿಕಾರ್ಜುನಪ್ಪನ ಹೆಂಡತಿ ನೀಲಾಂಬಿಕಮ್ಮ ಕೂಗಿದ್ದು ಕೇಳಿತು. ನಮ್ಮ ಬಾಲ್ಕನಿ ಇರುವುದು ಅವರ ಹಜಾರದ ತಲೆಯ ಮೇಲಲ್ಲವೆ, ಆ ಹಜಾರದ ಮಾಳಿಗೆಯ ಗಾರೆ ಒಂದು ಮೊರದಷ್ಟು ಅಗಲ ಕಳಚಿ ಮಂಚದ ಮೇಲೆ ಬಿದ್ದಿತ್ತು. ಅದೇ ಮಂಚದ ಮೇಲೆ ಆ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದಳಂತೆ. ಕುಕ್ಕರು ಕೂಗಿತು ಎಂದು ಎದ್ದು ಹೋಗಿದ್ದಳು. ಕುಕ್ಕರು ಕೂಗದಿದ್ದರೆ ನಾನು ಇವತ್ತು ಬೇರೆ ಥರದ ಕಾಗದ ಬರೆಯುತ್ತಿದ್ದೆ.

ಮಲ್ಲಿಕಾರ್ಜುನಪ್ಪ ಮೇಲೆ ಬಂದ. ಕೂಗಾಡಲಿಲ್ಲ. ಅವನು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅದು ನನಗೆ ಬರುತ್ತದೆ. ಒಂದು ಟವೆಲ್ಲಿನಲ್ಲಿ ಗಾರೆಯ ತುಂಡು ಕಟ್ಟಿಕೊಂಡು ಬಂದು ಕುರ್ಚಿಯ ಮೇಲೆ ಇಟ್ಟ. “ಮಾಸ್ತಪ್ಪನೋರೇ, ಇದನ್ನ ಸ್ವಲ್ಪ ಮುಟ್ಟಿ ನೋಡ್ರಿ” ಎಂದ. ಮುಟ್ಟಿದೆ. ಒದ್ದೆಯಾಗಿತ್ತು. “ಮಳೆ ನಿಂತು ಎಷ್ಟು ದಿನ ಆತ್ರೀ? ಇದು ಎಲ್ಲಿ ನೀರು?” ಎಂದ. ನನಗೇನು ಗೊತ್ತು ಎಂದೆ. ನಿಮ್ಮ ಮನೆ, ನಿಮ್ಮ ಮಾಳಿಗೆ, ಕಟ್ಟಿಸುವಾಗ ಸಿಮೆಂಟು ನುಂಗಿದವನನ್ನು ಕೇಳಿ ಎಂದೂ ಅಂದೆ. ಧನಲಕ್ಷ್ಮಿ ಬಾಗಿಲ ಸಂದಿಯಲ್ಲಿ ನಿಂತು “ಮಾವ, ಸುಮ್ನಿರಿ” ಎಂದು ಕೈ ಮುಗಿದಳು. ಅವನು ನಿಂತಲ್ಲಿಂದಲೇ ಬಾಲ್ಕನಿಯನ್ನೊಮ್ಮೆ ನೋಡಿದ. ನೀನು ಹೋಗುವಾಗ ಹನ್ನೊಂದು ಇದ್ದದ್ದು ಈಗ ಹದಿನಾರಾಗಿದೆ. ಬಣ್ಣದ ಬಕೆಟ್ಟು ಒಂಬತ್ತು, ಎಣ್ಣೆ ಡಬ್ಬ ನಾಲ್ಕು, ಒಡೆದ ಕುಕ್ಕರು ಒಂದು, ಮೀನಿನವನ ಥರ್ಮೋಕೋಲ್ ಪೆಟ್ಟಿಗೆ ಒಂದು, ಅಡ್ಡ ಕೊಯ್ದ ನೀರಿನ ಡ್ರಮ್ಮು ಒಂದು. ಆ ಡ್ರಮ್ಮಿನಲ್ಲಿ ಭತ್ತ ಹಾಕಿದ್ದೇನೆ. ತೆನೆ ಬಾಗಿದೆ. ಭೂಮಿ ಹುಣ್ಣಿಮೆಯ ದಿನ ನೀನಿಲ್ಲದೆ ಭೂಮಿ ಬಯಕೆ ಹೇಗೆ ಮಾಡುವುದು ಎಂದು ಧನಲಕ್ಷ್ಮಿ ಅಂದಳು, ಕಡುಬು ಮಾಡು ಎಂದೆ, ಬೆಳಗಿನ ಜಾವ ಎದ್ದು ಹದಿನಾರು ಬಕೆಟ್ಟಿಗೂ ಎಡೆಯ ಅನ್ನ ಚರಗ ಚೆಲ್ಲಿದೆ. ಕೆಳಗೆ ಮಲ್ಲಿಕಾರ್ಜುನಪ್ಪ ಸ್ಕೂಟರು ಒರೆಸುತ್ತಿದ್ದ. ಒಂದು ಅಗುಳು ಅವನ ಬೋಳು ತಲೆಯ ಮೇಲೂ ಬಿತ್ತು. ಆ ದಿನ ನಕ್ಕಿದ್ದ. ಮಂಗಳವಾರ ನಗಲಿಲ್ಲ.

ಸಂಜೆ ಅರುಣ ಬಂದು ಮಲ್ಲಿಕಾರ್ಜುನಪ್ಪನ ಜೊತೆ ಜಗಳಕ್ಕೆ ನಿಂತ. ನನ್ನ ಪರವಾಗಿ ನಿಂತ. ಬಚ್ಚಲ ಗೋಡೆಯೊಳಗಿನ ಪೈಪು ಸೋರುತ್ತಿದೆ, ಬಕೆಟ್ಟಿನಿಂದ ಇಷ್ಟು ನೀರು ಇಳಿಯುವುದಿಲ್ಲ ಎಂದು ವಾದ ಮಾಡಿದ. “ನಮ್ಮಪ್ಪ ಅರವತ್ತು ವರ್ಷ ಗದ್ದೆಗೆ ನೀರು ಕಟ್ಟಿದಾರ್ರೀ. ನೀರು ಎಲ್ಲಿ ಹೋಗ್ತೈತಿ ಅನ್ನೋದು ಅವರಿಗೆ ಹೇಳಿಕೊಡಬೇಕಾ? ಅವರ ಮೇಲಾಣೆ, ಅದು ಪೈಪೇ” ಎಂದ. ಅವನು ಹಾಗೆ ಹೇಳುವಾಗ ನಾನು ಅಲ್ಲೇ ನಮ್ಮ ಮಂಚದ ಮೇಲೆ ಕೂತಿದ್ದೆ. ನನ್ನ ಸೊಂಟದಲ್ಲಿ, ಪಂಚೆಯ ಒಳಗೆ, ಒದ್ದೆ ಬಟ್ಟೆಯ ಒಂದು ಉಂಡೆ ಇತ್ತು.

ಕೇಳು. ಆ ಬಾಲ್ಕನಿಯ ಮೂಲೆಯಲ್ಲಿ ನೀರು ಹೋಗುವ ಕಂಡಿ ಇದೆಯಲ್ಲ, ಅದಕ್ಕೆ ನಾನು ಬಟ್ಟೆ ತುರುಕಿದ್ದೆ. ನೀನು ಹೋದ ವಾರದಿಂದ. ಇಲ್ಲಿ ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುತ್ತದೆ. ಬಂದ ದಿನ ಎರೆದ ನೀರು ಬಕೆಟ್ಟಿನ ತೂತಿನಿಂದ ಇಳಿದು, ಕಂಡಿಯಿಂದ ಹೊರಬಿದ್ದು, ಚರಂಡಿಗೆ ಸೇರುವುದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಅಂಬ್ಲಿಗೊಳದ ಕಾಲುವೆ ಕೆಳಗೆ ಗೇಣಿ ಗದ್ದೆ ಮಾಡಿದ ಎಂಟು ವರ್ಷ ನಿನಗೆ ನೆನಪಿದೆಯಲ್ಲ? ನಮ್ಮ ಸರದಿ ಬಂದ ದಿನ ಬದುವಿನ ಕಂಡಿ ಕಟ್ಟಿ, ಒಂದು ಚೊಂಬು ನೀರು ಕೆಳಗಿನವನ ಗದ್ದೆಗೆ ಇಳಿಯದ ಹಾಗೆ ಕಾಯ್ದವನು ನಾನು. ಆ ಕೈಗೆ ಇದು ಬಾಲ್ಕನಿ, ಇದು ಗದ್ದೆಯಲ್ಲ ಎಂದು ಯಾರು ಹೇಳಬೇಕು? ಕಂಡಿ ಮುಚ್ಚಿದೆ. ಎರಡು ಬೆರಳು ನೀರು ನಿಂತಿತು. ಬಕೆಟ್ಟುಗಳು ಬುಡದಿಂದ ನೀರು ಎಳೆದುಕೊಂಡು ಹಸಿರಾದವು. ನಿನ್ನ ಬಳ್ಳಿಯ ಆ ಕಾಯಿ ಆಮೇಲೇ ದಪ್ಪಗಾದದ್ದು. ಎಷ್ಟು ಹೆಮ್ಮೆಪಟ್ಟೆ ಗೊತ್ತಾ? ಆ ಒಂದೂವರೆ ತಿಂಗಳೂ ನೀರು ಮಾಳಿಗೆಯೊಳಗೆ ಇಳಿಯುತ್ತಿತ್ತು. ಮೇಲಿಂದ ಭಾರ ಬೇರೆ. ಅರುಣ ಮೊದಲೇ ಹೇಳಿದ್ದ, ತೆಂಗಿನ ನಾರಿನ ಪುಡಿ ಹಾಕು ಅಪ್ಪ, ಹಗುರ ಇರುತ್ತದೆ ಎಂದು. ತೌಡಿನಲ್ಲಿ ಯಾವನಾದರೂ ಗಿಡ ಬೆಳೆಯುತ್ತಾನೇನೋ ಎಂದು ಬೈದು, ಹೊಸಬಾಳೆಯಿಂದ ಗದ್ದೆಯ ಅಂಟು ಮಣ್ಣನ್ನೇ ಗೋಣಿಚೀಲದಲ್ಲಿ ತರಿಸಿ ತುಂಬಿದ್ದೆ. ಒಂದೊಂದು ಬಕೆಟ್ಟು ಒಂದೊಂದು ಗುಂಡುಕಲ್ಲು.

ಮಂಗಳವಾರ ಮಲ್ಲಿಕಾರ್ಜುನಪ್ಪ ಮೆಟ್ಟಿಲು ಇಳಿದ ಕೂಡಲೇ ಬಟ್ಟೆ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀರೆಲ್ಲ ಹೋಯಿತು. ನೆಲ ಒರೆಸಿದೆ. ಯಾರೂ ನೋಡಲಿಲ್ಲ. ಸುಮ್ಮನಿದ್ದರೆ ಮುಗಿಯುತ್ತದೆ ಎಂದುಕೊಂಡೆ.

ಮುಗಿಯಲಿಲ್ಲ. ಬುಧವಾರ ಪ್ಲಂಬರು ಬಂದ. ಅರುಣ ಆಣೆ ಹಾಕಿದ್ದಾನಲ್ಲ, ಮಲ್ಲಿಕಾರ್ಜುನಪ್ಪ ಆ ಮಾತನ್ನು ನಂಬಿ ನಮ್ಮ ಬಚ್ಚಲ ಗೋಡೆ ಒಡೆಸಿದ. ಮೂರು ಟೈಲ್ಸು ಪುಡಿಯಾಯಿತು. ಪೈಪು ಒಣಗಿ ಕೂತಿತ್ತು. ಇನ್ನೂ ಕೆಳಗೆ ಒಡೀಬೇಕು ಎಂದು ಪ್ಲಂಬರು ಸುತ್ತಿಗೆ ಎತ್ತಿದ. ಅರುಣ ರಜೆ ಹಾಕಿ ನಿಂತು ಟಾರ್ಚು ಹಿಡಿದಿದ್ದ. ಬಾಯಿ ಬಿಡಬೇಕು ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೆಮ್ಮಿ ಕೂತೆ. “ಅಪ್ಪ, ಧೂಳು ಕುಡೀಬೇಡ, ಆಚೆ ಹೋಗು” ಎಂದ ನಿನ್ನ ಮಗ. ನನ್ನ ಕೆಮ್ಮಿಗೆ ಅವನು ಮರುಗಿದ್ದು ನೋಡಿ ಮೈ ಪರಚಿಕೊಳ್ಳುವ ಹಾಗಾಯಿತು.

ಗುರುವಾರ ಬೆಳಿಗ್ಗೆ ಅರುಣ ಕೆಲಸಕ್ಕೆ ಹೋದ ಮೇಲೆ ನಾನೇ ಕೆಳಗೆ ಇಳಿದೆ. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು, ಹಜಾರಕ್ಕೆ ಕಾಲಿಡಲು ಅವರಿಗೆ ಹೆದರಿಕೆ. ಆ ಬಟ್ಟೆಯನ್ನು ತೆಗೆದು ಮಲ್ಲಿಕಾರ್ಜುನಪ್ಪನ ಮುಂದೆ ನೆಲದ ಮೇಲೆ ಇಟ್ಟೆ. ಕಂಡಿಗೆ ತುರುಕಿದ್ದು ನಾನು ಎಂದೆ. ನೀಲಾಂಬಿಕಮ್ಮ ಅದನ್ನು ನೋಡಿ “ಇದು ಬಂಗಾರಮ್ಮನ ಹಸಿರು ಸೀರೆ ಅಲ್ಲೇನ್ರೀ?” ಎಂದಳು. ಹೌದು, ನಿನ್ನ ಹಳೇ ಸೀರೆಯ ಚೂರು. ಅವನು ತಟ್ಟೆ ಸರಿಸಿದ. ಆಮೇಲೆ, “ಮೊನ್ನೆ ನಿಮ್ಮ ಕೈಗೆ ಗಾರೆ ಕೊಟ್ಟಾಗ ಹೇಳಬೌದಿತ್ತು” ಎಂದ. ಅಷ್ಟೇ. ಗಾರೆ ಮೇಸ್ತ್ರಿ ಕೆಂಪಪ್ಪನನ್ನು ಕರೆಸಿದ. ಅವನು ಕೆಳಗೆ ಮೇಲೆ ಬಡಿದು ನೋಡಿ, ಒಳಗಿನ ಕಬ್ಬಿಣಕ್ಕೆ ಇನ್ನೂ ತುಕ್ಕು ಹಿಡಿದಿಲ್ಲ, ಭಾರ ಇಳಿಸಿ ಮೇಲ್ಮೈ ಕೆತ್ತಿ ಹೊಸ ಗಾರೆ ಮಾಡಿದರೆ ಉಳಿಯುತ್ತದೆ, ಬಿಟ್ಟರೆ ಇಲ್ಲ ಎಂದ. ಸೋಮವಾರ ಕೆಲಸ ಶುರು. ಆದ್ದರಿಂದ ನಾಳೆ ಸಂಜೆಯ ಗಡುವು. ನೀಲಾಂಬಿಕಮ್ಮ ಇನ್ನೊಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯವರ ಮೇಲೆ ನಿನಗೆ ಮೊದಲೇ ಸಿಟ್ಟಿದೆ. ಮಗಳ ಬಾಣಂತನಕ್ಕೆ ಬಾಲ್ಕನಿ ಮರೆ ಮಾಡಿಕೊಳ್ಳಲು ಬಿಡಲಿಲ್ಲ ಎಂದು ನೀನು ಅವರ ಹೊಸಿಲಿಗೆ ಕಾಲಿಡದೆ ಹೋದವಳು. ಆ ವಿಚಾರ ಈಗ ಬೇಡ.

ಅರುಣನಿಗೆ ಸಂಜೆ ನಾನೇ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದ. ಒಂದು ಬಿಚ್ಚಿ, ಇನ್ನೊಂದು ಹಾಗೇ ಬಿಟ್ಟು, “ನಿನ್ನ ಮೇಲೆ ಆಣೆ ಹಾಕಿದ್ದೆ ಅಪ್ಪ” ಎಂದ. ಎರಡು ದಿನ ಆಯಿತು, ನನ್ನ ಜೊತೆ ಮಾತಿಲ್ಲ. ಚಹಾ ತಂದು ಇಡುತ್ತಾನೆ, ಲೋಟ ತೆಗೆದುಕೊಂಡು ಹೋಗುತ್ತಾನೆ. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಭೀಮಣ್ಣ ಟೆಂಪೋ ತರುತ್ತಾನೆ. ಹದಿನೈದು ಬಕೆಟ್ಟು ಹೊಸಬಾಳೆಗೆ ಹೋಗಲಿ, ಬಂದ ಮಣ್ಣು ಬಂದಲ್ಲಿಗೇ ಸೇರಲಿ, ನನಗೇನೂ ಇಲ್ಲ. ಬಳ್ಳಿಯ ಬಕೆಟ್ಟು ಮಾತ್ರ ಬಿಡುವುದಿಲ್ಲ. ಇಪ್ಪತ್ತು ದಿನ ಅದೊಂದಕ್ಕೆ ಮೂಲೆ ಕೊಡಿ ಎಂದು ಕೇಳಿದ್ದಕ್ಕೆ ಕೆಂಪಪ್ಪ ಆಗುವುದಿಲ್ಲ ಎಂದ, ಅದೇ ಮೂಲೆಯಿಂದಲೇ ಕೆತ್ತಬೇಕಂತೆ. ಇವತ್ತು ಕಾಯಿಗೆ ಉಗುರು ಒತ್ತಿ ನೋಡಿದೆ. ತೊಟ್ಟಿನ ಹತ್ತಿರ ಇಳಿಯಲಿಲ್ಲ, ಹೊಟ್ಟೆಯ ಹತ್ತಿರ ಇಳಿಯಿತು. ಈಗ ಕೊಯ್ದರೆ ಒಳಗೆ ಬೀಜವೋ ಬರೀ ಸಿಪ್ಪೆಯೋ ಹೇಳಲಾಗದು. ನಾಳೆ ಆ ಬಕೆಟ್ಟಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತೇನೆ, ಯಾರು ಎತ್ತುತ್ತಾರೋ ನೋಡುತ್ತೇನೆ. ಗಂಡ ಹಟಮಾರಿ ಎಂದು ನೀನು ಬೈದದ್ದು ಸುಳ್ಳಾಗಬಾರದು.

ಯತೀಶನಿಗೆ, ಬೀಗರಿಗೆ ನನ್ನ ನಮಸ್ಕಾರ ಹೇಳು. ಕೂಸಿಗೆ ಹಣೆ ಮುಟ್ಟಿ ನನ್ನ ಆಶೀರ್ವಾದ ಹೇಳು, ಕೈ ತೊಳೆದುಕೊಂಡು ಮುಟ್ಟು. ನೀನು ಚೆನ್ನಾಗಿರು.

ಇಂತಿ,
ಮಾಸ್ತಪ್ಪ

ತಾ.ಕ. ಭಾನುವಾರ ಮೂರು ಗಂಟೆ. ಸಂಗೀತಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಅಪ್ಪ ಇಷ್ಟೇ ಬರೆದಿದ್ದಾನೆ ಎಂದು ಅಮ್ಮನಿಗೆ ಹೇಳು. ಇದು ನಿನಗೆ. ಕೆಳಗೆ ಭೀಮಣ್ಣ ಹಾರನ್ ಹೊಡೆಯುತ್ತಿದ್ದಾನೆ, ನಾಳೆ ಚಂದ್ರಗುತ್ತಿಗೆ ಬರುತ್ತಾನಂತೆ, ಅವನ ಕೈಯಲ್ಲೇ ಕಳಿಸುತ್ತೇನೆ. ಸ್ಟೂಲು ಹಾಕಿಕೊಂಡು ಕೂತಿದ್ದೆ. ಬಕೆಟ್ಟೆಲ್ಲ ಇಳಿದ ಮೇಲೆ ಬಾಲ್ಕನಿ ಎಷ್ಟು ದೊಡ್ಡದು ಎಂದು ಕಂಡಿತು. ಹತ್ತು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಒಂದು ಮಂಚ, ಒಂದು ತೊಟ್ಟಿಲು ಹಿಡಿಸಿ ಅಮ್ಮನಿಗೆ ಮಲಗಲು ಜಾಗ ಉಳಿಯುತ್ತದೆ. ನೀಲಾಂಬಿಕಮ್ಮ ಗುರುವಾರ ಅಂದ ಮಾತು ಇದು: “ಬಾಣಂತಿ ಬರ್ತಾಳೆ ಅಂತ ಶ್ರಾವಣದಾಗ ಕೇಳಿದ್ರಿ, ಶೀಟು ಹಾಕ್ಕೊಳ್ರಿ ಅಂದ್ವಿ. ಮಗಳು ಬರಲಿಲ್ಲ, ಬಕೆಟ್ ಬಂದ್ವು.” ಅವರು ಬೇಡ ಅಂದಿರಲಿಲ್ಲ, ಸಂಗೀತಾ. ಕೇಳಲು ಹೋದವನು ನಾನೊಬ್ಬನೇ. ಅವರು ಹೂಂ ಅಂದರು. ಮೇಲೆ ಬಂದು, ಅವರು ಬೇಡ ಅಂದರು ಎಂದು ನಿಮಗೆಲ್ಲ ಸುಳ್ಳು ಹೇಳಿದವನೂ ನಾನೇ. ಆಗ ಬಳ್ಳಿ ಸರಳಿಗೆ ಕೈ ಹಾಕಿತ್ತು, ನಿನ್ನ ಮಡಿಲಿನ ಬೀಜ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಪೂರಾ ನಿಜವಲ್ಲ. ಬದನೆ, ಮೆಣಸು, ಡ್ರಮ್ಮಿನ ಭತ್ತ, ಒಂದನ್ನೂ ಬಿಡಲು ಮನಸ್ಸಾಗಲಿಲ್ಲ. ಒಂದು ಚಾಪೆ ಜಾಗ ಸಾಕಪ್ಪ ಎಂದು ನೀನು ಫೋನಿನಲ್ಲಿ ಅಂದಿದ್ದೆ. ಆಮೇಲೆ, ಹೋಗ್ಲಿ ಬಿಡಪ್ಪ, ಅವರ ಮನೆ ಅವರಿಷ್ಟ ಎಂದು ನನಗೇ ಸಮಾಧಾನ ಹೇಳಿದ್ದೆ. ಬಳ್ಳಿಯನ್ನು ನಾನೇ ಕೊಯ್ದೆ, ಈಗ ತಾನೇ. ಕಾಯಿಯನ್ನು ಒಂದು ಗೇಣು ಬಳ್ಳಿ ಸಮೇತ ಅಡುಗೆಮನೆಯ ಮೊಳೆಗೆ ನೇತು ಹಾಕಿದ್ದೇನೆ. ಒಳಗೆ ಬೀಜ ಬಲಿತಿದೆಯೋ ಇಲ್ಲವೋ ಗೊತ್ತಿಲ್ಲ, ಒಡೆಯುವುದಿಲ್ಲ, ಕಳಿಸುವುದೂ ಇಲ್ಲ. ಗಾರೆ ಗಟ್ಟಿಯಾಗಲು ಹದಿನೈದು ದಿನ ಎಂದಿದ್ದಾನೆ ಕೆಂಪಪ್ಪ. ಆಮೇಲೆ ಅರುಣ ಶೀಟು ಹಾಕುತ್ತಾನೆ, ನನ್ನ ಈ ಸುಳ್ಳನ್ನು ಅವನಿಗೂ ಹೇಳಿದೆ, ಲೋಟ ತೆಗೆದುಕೊಳ್ಳಲು ಬಂದವನು ಹಾಗೇ ಕೂತುಬಿಟ್ಟ. ಬಾಣಂತನ ಇನ್ನೂ ಒಂದೂವರೆ ತಿಂಗಳಿದೆ. ಬರುವುದು ಬಿಡುವುದು ನಿನ್ನಿಷ್ಟ, ಬಾ ಎನ್ನಲು ನನಗೆ ಮುಖವಿಲ್ಲ. ಅಮ್ಮನಿಗೆ ನಾನೇ ಬರೆಯಬೇಕಿತ್ತು, ಕೈ ಬರಲಿಲ್ಲ. ನೀನೇ ಹೇಳು. ಅವಳ ಊಟ ಆದ ಮೇಲೆ ಹೇಳು.